ಲೋಟ, ಪೈಪು, ಹಲಗೆ: ಮನೆಯ ವಸ್ತುಗಳಿಗೆ ಶ್ರುತಿ ಕೂಡಿಸುವುದು ಹೇಗೆ

ಒಂದು ಸ್ಟೀಲ್ ಲೋಟದ ತಳವನ್ನು ಬೆರಳ ತುದಿಗಳ ಮೇಲೆ ಹಗುರವಾಗಿ ನಿಲ್ಲಿಸಿ, ಅಂಚನ್ನು ಚಮಚದಿಂದ ತಟ್ಟಿ. ಆಮೇಲೆ ಅದೇ ಲೋಟವನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ತಟ್ಟಿ. ಮೊದಲಿನದರಲ್ಲಿ ನಾದ ಸ್ವಲ್ಪ ಹೊತ್ತು ನಿಲ್ಲುತ್ತದೆ. ಎರಡನೆಯದರಲ್ಲಿ ಟಕ್ ಎಂದು ಸತ್ತುಹೋಗುತ್ತದೆ. ಮನೆಯಲ್ಲೇ ವಾದ್ಯ ಮಾಡಿಕೊಳ್ಳುವ ವಿದ್ಯೆಯಲ್ಲಿ ಅರ್ಧ ಇಷ್ಟೇ: ಕಂಪಿಸಬೇಕಾದ ಭಾಗಕ್ಕೆ ಅಡ್ಡಬರದೆ, ಕಂಪಿಸದ ಜಾಗ ಹುಡುಕಿ ಅಲ್ಲಿ ಮಾತ್ರ ಹಿಡಿಯುವುದು. ಇನ್ನರ್ಧ ಶ್ರುತಿ.

ಈ ಎರಡನೆಯ ಅರ್ಧವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಡಬ್ಬಿಗೆ ರಬ್ಬರ್ ಬ್ಯಾಂಡ್ ಬಿಗಿದು, ಬಾಟಲಿಗೆ ಕಾಳು ತುಂಬಿ ಮಕ್ಕಳ ಕೈಗೆ ಕೊಡುತ್ತಾರೆ. ಅದು ಒಂದು ದಿನದ ಆಟ. ಮರುದಿನ ಮೂಲೆ ಸೇರುತ್ತದೆ. ಅದೇ ವಸ್ತುವಿನಲ್ಲಿ ಸ, ರಿ, ಗ ಸರಿಯಾಗಿ ನುಡಿದರೆ ಮಗು ತಾನಾಗಿಯೇ ಒಂದು ಹಾಡನ್ನು ಹುಡುಕಲು ಕೂರುತ್ತದೆ. ನಮ್ಮ ಮನೆಯಲ್ಲಿ ಇದನ್ನು ಹಲವು ಸಲ ಕಂಡಿದ್ದೇನೆ. ಆದ್ದರಿಂದ ಈ ಬರಹದಲ್ಲಿ ಅಲಂಕಾರಕ್ಕಿಂತ ಅಳತೆಯೇ ಹೆಚ್ಚು. ಒಂದು ಸ್ಕೇಲು, ಒಂದು ಪೆನ್ಸಿಲ್ಲು, ಒಂದು ಗರಗಸ ಹತ್ತಿರ ಇಟ್ಟುಕೊಳ್ಳಿ.

ಮೊದಲು ಮನೆಯೆಲ್ಲ ತಟ್ಟಿ ನೋಡಿ

ಹಿಂಬದಿಯಲ್ಲಿ ರಬ್ಬರ್ ಇರುವ ಪೆನ್ಸಿಲ್ ಹಿಡಿದು ಒಂದು ಸುತ್ತು ಹೊರಡಿ. ಬಕೆಟ್ಟು, ತಟ್ಟೆ, ಪಾತ್ರೆಯ ಮುಚ್ಚಳ, ಹೂಕುಂಡ, ರಟ್ಟಿನ ಪೆಟ್ಟಿಗೆ, ಕುರ್ಚಿಯ ಬೆನ್ನು, ಏನೇ ಸಿಕ್ಕರೂ ತಟ್ಟಿ ಕೇಳಿ. ಕೇಳುವಾಗ ಒಂದೇ ಪ್ರಶ್ನೆ ಇರಲಿ: ತಟ್ಟಿದ ಮೇಲೆ ಸದ್ದು ನಿಲ್ಲುತ್ತದೆಯೋ, ತಕ್ಷಣ ಅಡಗುತ್ತದೆಯೋ? ಅಡಗುವುದೆಲ್ಲ ತಾಳಕ್ಕೆ, ನಿಲ್ಲುವುದೆಲ್ಲ ಸ್ವರಕ್ಕೆ. ಮುಚ್ಚಳದ ಹಿಡಿಗೆ ದಾರ ಕಟ್ಟಿ ತೂಗಬಿಟ್ಟು ತಟ್ಟಿದರೆ, ನೆಲದ ಮೇಲಿದ್ದಾಗ ಮೂಕವಾಗಿದ್ದ ಮುಚ್ಚಳವೇ ಗಂಟೆಯಂತೆ ಮೊಳಗಬಹುದು. ದಾರ ಕಟ್ಟಿ ನೋಡದೆ ಯಾವುದನ್ನೂ ತಳ್ಳಿಹಾಕಬೇಡಿ.

ತಾಳದ ವಸ್ತುಗಳಿಗೆ ಹೆಚ್ಚು ಕೆಲಸವಿಲ್ಲ. ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿ, ಒಂದು ಬದಿಯ ಅಂಚಿನ ಕೆಳಗೆ ತೆಳುವಾದ ಪುಸ್ತಕ ಇಡಿ. ಬಾಯಿ ಒಂದಿಷ್ಟು ತೆರೆದಾಗ ಒಳಗಿನ ಗಾಳಿಗೆ ದಾರಿಯಾಗಿ ಗುಂ ಎನ್ನುವ ತಗ್ಗು ನಾದ ಹೊರಬರುತ್ತದೆ. ತಳದ ನಡುವೆ ಅಂಗೈಯಿಂದ, ಅಂಚಿನಲ್ಲಿ ಬೆರಳುಗಳಿಂದ ಹೊಡೆದರೆ ಎರಡು ಬೇರೆ ಬೇರೆ ನುಡಿಗಳು ಸಿಕ್ಕವು. ಅಷ್ಟಿದ್ದರೆ ತಾಳ ನಡೆಸಬಹುದು. ಗಟ್ಟಿಯಾದ ಮರದ ಪೆಟ್ಟಿಗೆ ಇದ್ದರೆ ಅದರ ಮೇಲೆಯೇ ಕುಳಿತು ಮುಂಬದಿಯ ಹಲಗೆ ಬಾರಿಸಿ. ಪೆರು ದೇಶದ ಕಹೋನ್ ಎಂಬ ವಾದ್ಯ ಇಂಥ ಪೆಟ್ಟಿಗೆಯೇ. ಟ್ರಿನಿಡಾಡ್‌ನವರು ಎಣ್ಣೆಯ ಪೀಪಾಯಿಯ ತಳ ತಗ್ಗಿಸಿ, ಅದರಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಗುಳಿ ಬಡಿದು ಸ್ಟೀಲ್‌ಪ್ಯಾನ್ ಮಾಡಿದರು. ಈಗ ವೇದಿಕೆಯ ಮೇಲಿರುವ ಎಷ್ಟೋ ವಾದ್ಯಗಳು ಹೀಗೆ ಕೈಗೆ ಸಿಕ್ಕ ಸಾಮಾನಿನಿಂದಲೇ ಹುಟ್ಟಿದವು.

ಎರಡು ಚಮಚಗಳನ್ನು ಬೆನ್ನಿಗೆ ಬೆನ್ನು ತಾಗಿಸಿ, ಹಿಡಿಗಳ ನಡುವೆ ತೋರುಬೆರಳು ತೂರಿಸಿ ಮುಷ್ಟಿ ಮಾಡಿ. ಹೊಟ್ಟೆಗಳ ನಡುವೆ ಅರ್ಧ ಸೆಂಟಿಮೀಟರ್ ಸಂದು ಉಳಿಯಬೇಕು. ತೊಡೆಗೂ ಅದರ ಮೇಲೆ ಹಿಡಿದ ಇನ್ನೊಂದು ಅಂಗೈಗೂ ನಡುವೆ ಮೇಲೆ ಕೆಳಗೆ ಆಡಿಸಿದರೆ ‘ಟಕಟಕ’ ಓಡುತ್ತದೆ. ಡಬ್ಬಿಗೆ ಕಾಳು ಹಾಕುವವರು ಕಾಲುಭಾಗಕ್ಕಿಂತ ಹೆಚ್ಚು ತುಂಬಬೇಡಿ. ಕಾಳಿಗೆ ಓಡಾಡಲು ಜಾಗವಿಲ್ಲದಿದ್ದರೆ ಸದ್ದೂ ಇರುವುದಿಲ್ಲ.

ಒಂದು ಸ ಇಟ್ಟುಕೊಳ್ಳಿ

ಸ್ವರವಾದ್ಯಕ್ಕೆ ಕೈ ಹಾಕುವ ಮುನ್ನ ಮನೆಯ ಎಲ್ಲ ವಾದ್ಯಗಳಿಗೂ ಒಂದೇ ಆಧಾರಶ್ರುತಿ ನಿಗದಿಪಡಿಸಿ. ಮೊಬೈಲಿನ ತಂಬೂರಿ ಆ್ಯಪ್, ಹಾರ್ಮೋನಿಯಂ, ಕೀಬೋರ್ಡ್ ಯಾವುದಾದರೂ ಸರಿ. ಆ ಸ ಹಿನ್ನೆಲೆಯಲ್ಲಿ ನುಡಿಯುತ್ತಿರಲಿ.

ಆರಂಭಕ್ಕೆ ಏಳು ಸ್ವರಗಳು ಬೇಡ, ಐದು ಸಾಕು: ಸ ರಿ ಗ ಪ ದ, ಮತ್ತೆ ಮೇಲಿನ ಸ. ಇವು ಮೋಹನ ರಾಗದ ಸ್ವರಗಳು. ಹಿಂದೂಸ್ತಾನಿಯವರಿಗೆ ಭೂಪ್. ಇದರಲ್ಲಿ ಯಾವ ಎರಡು ಸ್ವರಗಳೂ ಅರೆಸ್ವರದಷ್ಟು ಹತ್ತಿರ ಇಲ್ಲವಾದ್ದರಿಂದ ನಾಲ್ಕು ಜನ ಏಕಕಾಲಕ್ಕೆ ಬೇರೆ ಬೇರೆ ಸ್ವರ ನುಡಿಸಿದರೂ ಕಿವಿಗೆ ಚುಚ್ಚುವುದಿಲ್ಲ. ಸ ಒಂದು ಎಂದಿಟ್ಟುಕೊಂಡರೆ ಕಂಪನದ ಲೆಕ್ಕದಲ್ಲಿ ರಿ 9/8, ಗ 5/4, ಪ 3/2, ದ 5/3, ಮೇಲಿನ ಸ 2. ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಕೆಳಗಿನ ಅಳತೆಗಳೆಲ್ಲ ಇದರಿಂದಲೇ ಬಂದವು.

ಶ್ರುತಿ ಕೂಡಿದ್ದನ್ನು ಕಿವಿಯಿಂದ ಗುರುತಿಸುವುದು ಕಷ್ಟವಲ್ಲ. ನಾದ ನಿಲ್ಲುವ ಎರಡು ಧ್ವನಿಗಳು ಬಹಳ ಹತ್ತಿರ ಬಂದು ಇನ್ನೂ ಕೂಡದಿದ್ದಾಗ ‘ವಾಂವ್ ವಾಂವ್’ ಎಂಬ ತೂಗಾಟ ಕೇಳಿಸುತ್ತದೆ. ಹತ್ತಿರವಾದಷ್ಟೂ ಅದು ನಿಧಾನವಾಗುತ್ತದೆ. ತೂಗಾಟ ನಿಂತಾಗ ಎರಡೂ ಒಂದಾದವು. ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಇದ್ದರೂ ಕಿವಿಯಿಂದ ಹತ್ತಿರ ತಂದ ಮೇಲೆಯೇ ಅದನ್ನು ನೋಡಿ. ಈ ಅಭ್ಯಾಸವೊಂದೇ ಇಡೀ ಶ್ರಮಕ್ಕೆ ಸಮ.

ನೀರಿನ ಲೋಟಗಳು

ಜಲತರಂಗಕ್ಕೆ ಪಿಂಗಾಣಿ ಬಟ್ಟಲುಗಳು. ಮನೆಯಲ್ಲಿ ಗಾಜಿನ ಲೋಟ, ಪಿಂಗಾಣಿ ಬೋಗುಣಿ, ತೆಳು ಸ್ಟೀಲ್ ಲೋಟ ಎಲ್ಲವೂ ನಡೆಯುತ್ತವೆ. ತೆಳುವಾದದ್ದೇ ಮೇಲು. ದಪ್ಪ ಗಾಜಿನ ಲೋಟಕ್ಕೆ ಎಷ್ಟು ನೀರು ಹಾಕಿದರೂ ಸ್ವರ ಹೆಚ್ಚು ಇಳಿಯುವುದಿಲ್ಲ.

ನೀರು ಹಾಕದೆ ಎಲ್ಲವನ್ನೂ ತಟ್ಟಿ, ತಗ್ಗಿನಿಂದ ಎತ್ತರಕ್ಕೆ ಸಾಲಾಗಿ ಜೋಡಿಸಿ. ನೀರು ಹಾಕಿದಷ್ಟೂ ಸ್ವರ ಇಳಿಯುತ್ತದೆ, ಏರುವುದಿಲ್ಲ. ಹಾಗಾಗಿ ಖಾಲಿ ಇರುವಾಗ ಬೇಕಾದ ಸ್ವರಕ್ಕಿಂತ ತುಸು ಮೇಲೆ ನುಡಿಯುವ ಲೋಟವನ್ನೇ ಆ ಸ್ವರಕ್ಕೆ ಆರಿಸಬೇಕು. ಒಂದೇ ಅಳತೆಯ ಆರು ಲೋಟಗಳಿಂದ ಪೂರ್ತಿ ಸ್ಥಾಯಿ (ಕೆಳಗಿನ ಸದಿಂದ ಮೇಲಿನ ಸವರೆಗೆ) ಹೊರಡಿಸಲು ಹೋಗಿ ಸೋತವರು ಬಹಳ. ಮಂದ್ರಕ್ಕೆ ದೊಡ್ಡ ಬೋಗುಣಿ, ತಾರಕ್ಕೆ ಪುಟ್ಟ ಲೋಟ ಎಂದು ಹಂಚಿಕೊಳ್ಳಿ.

ನೀರು ಹಾಕುವಾಗ ಒಂದು ಸಂಗತಿ ನಿಮಗೆ ಆಶ್ಚರ್ಯ ತರುತ್ತದೆ. ತಳದಿಂದ ಅರ್ಧದವರೆಗೆ ತುಂಬಿದರೂ ಸ್ವರ ಅಲ್ಲಾಡಿದಂತೆಯೇ ಇರುವುದಿಲ್ಲ. ಅರ್ಧ ದಾಟಿದ ಮೇಲೆ ಬೇಗ ಇಳಿಯುತ್ತದೆ, ಬಾಯಿಯ ಹತ್ತಿರ ಬಂದಾಗ ಒಂದೊಂದು ಚಮಚ ನೀರಿಗೂ ಬದಲಾಗುತ್ತದೆ. ಲೋಟದಲ್ಲಿ ಹೆಚ್ಚು ಕಂಪಿಸುವುದು ಅಂಚು. ಅಂಚಿನ ಬಳಿಯ ನೀರೇ ಅದಕ್ಕೆ ಭಾರ ಹೇರುವುದು. ಆದ್ದರಿಂದ ಮೊದಲು ಚೊಂಬಿನಿಂದ ಸುರಿಯಿರಿ, ಆಮೇಲೆ ಚಮಚದಿಂದ, ಕೊನೆಗೆ ಬೆರಳ ತುದಿಯ ಹನಿಗಳಿಂದ. ಹೆಚ್ಚಾದರೆ ಬಟ್ಟೆಯ ತುದಿ ಅದ್ದಿ ಹೀರಿಸಿ. ಸರಿಹೋದ ಮಟ್ಟಕ್ಕೆ ಹೊರಗಿನಿಂದ ಮಾರ್ಕರ್‌ನಲ್ಲಿ ಗೆರೆ ಎಳೆದರೆ ನಾಳೆ ಐದೇ ನಿಮಿಷದ ಕೆಲಸ. ರಾತ್ರಿಯಿಡೀ ಹಾಗೇ ಬಿಟ್ಟರೆ ನೀರು ಒಂದಿಷ್ಟು ಆವಿಯಾಗಿ ಸ್ವರ ಏರಿರುತ್ತದೆ.

ಲೋಟಗಳ ಕೆಳಗೆ ಮಡಿಸಿದ ಬಟ್ಟೆ ಹಾಸಿ. ಒಂದಕ್ಕೊಂದು ತಾಗಬಾರದು. ಗಾಜಿಗೆ ಲೋಹದ ಚಮಚ ಬೇಡ. ಮರದ ಕಡ್ಡಿಯಿಂದ, ಅಂಚಿನ ಹೊರಮೈಗೆ, ತಗುಲಿಸಿ ತೆಗೆಯುವಂತೆ ಹೊಡೆಯಿರಿ. ಕಡ್ಡಿ ಅಲ್ಲೇ ನಿಂತರೆ ನಾದವನ್ನು ಅದೇ ಕೊಂದುಬಿಡುತ್ತದೆ. ತೆಳುವಾದ ಕಾಲಿರುವ ಗಾಜಿನ ಬಟ್ಟಲಿದ್ದರೆ, ಸೋಪಿನಿಂದ ತೊಳೆದ ಬೆರಳನ್ನು ಒದ್ದೆ ಮಾಡಿ ಅಂಚಿನ ಮೇಲೆ ನಿಧಾನವಾಗಿ ಸುತ್ತಿಸಿ. ಎಣ್ಣೆಯ ಪಸೆ ಒಂದಿಷ್ಟೂ ಇರಬಾರದು. ಕೆಲವು ಸುತ್ತಿನ ನಂತರ ಬಟ್ಟಲು ತಾನೇ ಹಾಡತೊಡಗುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ 1761ರಲ್ಲಿ ಇಂಥ ಗಾಜಿನ ಬಟ್ಟಲುಗಳನ್ನು ಒಂದರೊಳಗೊಂದು ಪೋಣಿಸಿ, ತಿರುಗುವ ಅಚ್ಚಿಗೆ ಕೂಡಿಸಿ ಒಂದು ವಾದ್ಯವನ್ನೇ ಕಟ್ಟಿದ.

ಈಗ ಗಾಜಿನ ಬಾಟಲಿಗೆ ಅರ್ಧ ನೀರು ಹಾಕಿ ಕಡ್ಡಿಯಿಂದ ತಟ್ಟಿ, ಬಳಿಕ ಅದರ ಬಾಯಿಗೆ ಅಡ್ಡಲಾಗಿ ಊದಿ. ಇನ್ನಷ್ಟು ನೀರು ಸೇರಿಸಿ ಮತ್ತೆ ಎರಡನ್ನೂ ಮಾಡಿ. ತಟ್ಟಿದ ಸ್ವರ ಇಳಿಯಿತು, ಊದಿದ ಸ್ವರ ಏರಿತು. ತಟ್ಟುವಾಗ ಕಂಪಿಸುವುದು ಗಾಜು, ನೀರು ಅದಕ್ಕೆ ಹೊರೆ. ಊದುವಾಗ ಕಂಪಿಸುವುದು ಗಾಳಿ, ನೀರು ಏರಿದಷ್ಟೂ ಗಾಳಿಗೆ ಜಾಗ ಕಡಿಮೆ. ಮಕ್ಕಳಿಗೆ ಉತ್ತರ ಮೊದಲೇ ಹೇಳಬೇಡಿ. ಅವರೇ ಊದಿ, ತಟ್ಟಿ, ತಬ್ಬಿಬ್ಬಾಗಲಿ.

ಪೈಪಿನ ಸಾಲು

ಊದುವ ವಾದ್ಯಕ್ಕೆ ವಿದ್ಯುತ್ ತಂತಿ ಹಾಯಿಸುವ ಪ್ಲಾಸ್ಟಿಕ್ ಪೈಪು ಸಾಕು. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಸ್ವರವನ್ನು ನಿರ್ಧರಿಸುವುದು ಒಳಗಿನ ಆಳ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಆಳದ ನಾಲ್ಕರಷ್ಟರಿಂದ ಭಾಗಿಸಿದರೆ ಕಂಪನಸಂಖ್ಯೆ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದು, ಸಿಗುತ್ತದೆ. 24 ಸೆಂಟಿಮೀಟರ್ ಆಳಕ್ಕೆ ಅದು ಸುಮಾರು 357 ಹರ್ಟ್ಸ್, ಹಾಡಲು ಹಿತವಾದ ಎತ್ತರ. ಇದನ್ನೇ ಸ ಎಂದುಕೊಂಡರೆ ಉಳಿದ ಆಳಗಳು ಹೀಗೆ: ರಿ 21.3, ಗ 19.2, ಪ 16, ದ 14.4, ಮೇಲಿನ ಸ 12 ಸೆಂಟಿಮೀಟರ್.

ಪ್ರತಿಯೊಂದನ್ನೂ ಎರಡು ಸೆಂಟಿಮೀಟರ್ ಉದ್ದ ಹೆಚ್ಚಿಟ್ಟು ಕತ್ತರಿಸಿ. ಊದುವ ಬಾಯಿಯನ್ನು ಮರಳುಕಾಗದದಿಂದ ನಯಗೊಳಿಸಿ, ತುಟಿಗೆ ತಾಗುವ ಜಾಗ ಅದು. ಕೆಳಬಾಯಿಗೆ ಬಿರಡೆ ಕೂರಿಸಿ. ಬೆಂಡು, ಮೇಣ, ಜೇಡಿಮಣ್ಣು ಯಾವುದಾದರೂ ಆಗಬಹುದು, ಗಾಳಿ ಮಾತ್ರ ಸೋರಬಾರದು. ಹೆಚ್ಚು ಉದ್ದ ಇಟ್ಟದ್ದು ಈ ಬಿರಡೆಗಾಗಿಯೇ. ಒಳಗೆ ದೂಡಿದರೆ ಸ್ವರ ಏರುತ್ತದೆ, ಹೊರಗೆಳೆದರೆ ಇಳಿಯುತ್ತದೆ. ಅಳತೆ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಶ್ರುತಿಯನ್ನು ಬಿರಡೆಯಲ್ಲೇ ಸರಿಪಡಿಸಬಹುದು. ಪೈಪು ಅಗಲವಾದಷ್ಟೂ, ತುಟಿ ಬಾಯನ್ನು ಮುಚ್ಚಿದಷ್ಟೂ ಸ್ವರ ಲೆಕ್ಕಕ್ಕಿಂತ ತಗ್ಗುತ್ತದೆ. ಅದಕ್ಕೇ ಕೊನೆಯ ಮಾತು ಸ್ಕೇಲಿನದಲ್ಲ, ಕಿವಿಯದು.

ಆರನ್ನೂ ಒತ್ತಾಗಿ ಜೋಡಿಸಿ, ಎರಡು ಪಟ್ಟಿ ಅಡ್ಡ ಇಟ್ಟು ದಾರದಿಂದ ಬಿಗಿಯಿರಿ. ಕೆಳತುಟಿಯನ್ನು ಅಂಚಿಗೆ ಒರಗಿಸಿ ಎದುರಿನ ಅಂಚಿಗೆ ಗಾಳಿ ಬಡಿಯುವಂತೆ ಊದಿ. ಸದ್ದು ಬಾರದಿದ್ದರೆ ಜೋರಾಗಿ ಊದುವುದು ಪರಿಹಾರವಲ್ಲ. ತುಟಿಯ ಸಂದನ್ನು ಕಿರಿದು ಮಾಡಿ, ಪೈಪನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ. ತಲೆ ಹಗುರಾದಂತೆ ಅನಿಸಿದರೆ ನಿಲ್ಲಿಸಿ ಕುಳಿತುಕೊಳ್ಳಿ. ಹೊಸಬರಿಗೆ ಹಾಗಾಗುವುದು ಸಹಜ.

ಹಲಗೆಯ ತುಂಡುಗಳು

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದು. ಒಂದೇ ಅಗಲ, ಒಂದೇ ದಪ್ಪದ ಗಟ್ಟಿ ಮರದ ಪಟ್ಟಿ ಬೇಕು. ಗಂಟುಗಳಿರಬಾರದು, ಒಣಗಿರಬೇಕು. ಲೋಹದ ಪೈಪಿಗೂ ಇದೇ ಲೆಕ್ಕ ಹೊಂದುತ್ತದೆ.

ಇಲ್ಲಿ ಕೊಳವೆಯ ಲೆಕ್ಕ ಹಿಡಿದರೆ ಕೆಟ್ಟಿತು. ಮೇಲಿನ ಸ್ಥಾಯಿಯ ಸ ಬೇಕೆಂದು ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿದರೆ ಸ್ವರ ಎರಡು ಸ್ಥಾಯಿ ಮೇಲಕ್ಕೆ ಹಾರುತ್ತದೆ. ಪಟ್ಟಿಯ ಕಂಪನಸಂಖ್ಯೆ ಉದ್ದದ ವರ್ಗಕ್ಕೆ ವಿಲೋಮವಾಗಿರುವುದೇ ಇದಕ್ಕೆ ಕಾರಣ. ಸ 30 ಸೆಂಟಿಮೀಟರ್ ಆದರೆ ರಿ 28.3, ಗ 26.8, ಪ 24.5, ದ 23.2, ಮೇಲಿನ ಸ 21.2. ಎಲ್ಲವನ್ನೂ ಈ ಅಳತೆಗಿಂತ ಐದು ಮಿಲಿಮೀಟರ್ ಹೆಚ್ಚು ಉದ್ದವಾಗಿಯೇ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜುತ್ತ ಶ್ರುತಿಗೆ ತನ್ನಿ. ತುದಿ ಸವೆದರೆ ಸ್ವರ ಏರುತ್ತದೆ. ತಪ್ಪಿ ಹೆಚ್ಚು ಸವೆಸಿದಿರೋ, ಪಟ್ಟಿಯನ್ನು ಬಿಸಾಡಬೇಡಿ. ಮಗುಚಿ, ಅಡಿಯ ನಡುಭಾಗವನ್ನು ಸ್ವಲ್ಪ ಹೆರೆಯಿರಿ, ಸ್ವರ ಕೆಳಗಿಳಿಯುತ್ತದೆ.

ಇನ್ನು ಪಟ್ಟಿಯನ್ನು ಎಲ್ಲಿ ಹಿಡಿಯಬೇಕು? ಪಟ್ಟಿಯನ್ನು ಎರಡು ಸ್ಪಂಜಿನ ತುಂಡುಗಳ ಮೇಲಿಟ್ಟು ಅದರ ಮೇಲೆ ಪುಡಿ ಉಪ್ಪು ಉದುರಿಸಿ. ನಡುವೆ ಮೆಲ್ಲಗೆ, ಬಿಡದೆ ತಟ್ಟುತ್ತಿರಿ. ಹರಳುಗಳು ಕುಣಿಯುತ್ತ ಸರಿದು ಎರಡು ಅಡ್ಡಗೆರೆಗಳಾಗಿ ನಿಲ್ಲುತ್ತವೆ. ಆ ಗೆರೆಗಳೇ ಪಟ್ಟಿ ಅಲುಗದ ಜಾಗ. ಅಳೆದು ನೋಡಿದರೆ ಪ್ರತಿ ತುದಿಯಿಂದ ಉದ್ದದ ಶೇಕಡ 22.4ರಷ್ಟು ಒಳಗೆ, 30 ಸೆಂಟಿಮೀಟರ್ ಪಟ್ಟಿಗೆ ಸುಮಾರು 6.7 ಸೆಂಟಿಮೀಟರ್. ಎರಡು ದಪ್ಪ ಹಗ್ಗಗಳನ್ನು ಒಂದು ಕಡೆ ಅಗಲವಾಗಿ, ಇನ್ನೊಂದು ಕಡೆ ಕಿರಿದಾಗಿ ಹಾಸಿ, ಪ್ರತಿ ಪಟ್ಟಿಯ ಆ ಗೆರೆಗಳು ಹಗ್ಗದ ಮೇಲೆಯೇ ಬರುವಂತೆ ಕೂರಿಸಿ. ಮೊದಲು ನೆಲದ ಮೇಲೆ ಟಕ್ಕೆನ್ನುತ್ತಿದ್ದ ಮರ ಈಗ ದುಂಡಗೆ ನುಡಿಯುತ್ತದೆ. ಬಾರಿಸಲು ಕಡ್ಡಿಯ ತುದಿಗೆ ಚಿಕ್ಕ ರಬ್ಬರ್ ಚೆಂಡು ಸಿಕ್ಕಿಸಿದರೆ ಸಾಕು.

ತಂತಿ

ಡಬ್ಬಿಗೆ ರಬ್ಬರ್ ಬ್ಯಾಂಡ್ ಬಿಗಿದವರಿಗೆ ಒಂದು ಒಗಟು ಎದುರಾಗಿರುತ್ತದೆ: ಎಷ್ಟು ಎಳೆದರೂ ಸ್ವರ ಹೆಚ್ಚು ಏರುವುದಿಲ್ಲ. ಎಳೆದಾಗ ಬಿಗಿ ಹೆಚ್ಚುತ್ತದೆ ನಿಜ, ಜೊತೆಗೆ ಕಂಪಿಸುವ ಉದ್ದವೂ ಹೆಚ್ಚುತ್ತದೆ. ಒಂದು ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳುತ್ತದೆ. ರಬ್ಬರಿನಲ್ಲಿ ಸ್ವರ ಬದಲಿಸಲು ದಪ್ಪ ತೆಳುಗಳನ್ನು ಬೇರೆ ಬೇರೆ ಆರಿಸಿ, ಅಥವಾ ಪೆನ್ಸಿಲ್ಲನ್ನು ಕುದುರೆಯಂತೆ (ವಾದ್ಯದಲ್ಲಿ ತಂತಿಯನ್ನು ಎತ್ತಿಹಿಡಿಯುವ ತುಂಡಿನಂತೆ) ಅಡಿಗೆ ತೂರಿಸಿ ಕಂಪಿಸುವ ಭಾಗವನ್ನೇ ಮೊಟಕುಗೊಳಿಸಿ.

ನಿಜವಾದ ತಂತಿವಾದ್ಯ ಬೇಕಿದ್ದರೆ ಗಾಳದ ನೈಲಾನ್ ದಾರ ತನ್ನಿ. ಮುಕ್ಕಾಲು ಮೀಟರ್ ಹಲಗೆಯ ಎರಡು ಕೊನೆಗಳಿಗೆ ತಿರುಪು ಮೊಳೆ ಹಾಕಿ ದಾರ ಬಿಗಿಯಿರಿ. ಒಂದು ತಿರುಪನ್ನು ತಿರುಗಿಸಿ ಶ್ರುತಿ ಕೂಡಿಸಬಹುದು. ಎರಡು ಮರದ ಕುದುರೆಗಳ ನಡುವೆ ಸರಿಯಾಗಿ 60 ಸೆಂಟಿಮೀಟರ್ ಇರಲಿ. ಈ ಸಂಖ್ಯೆಯನ್ನು ಬೇಕೆಂದೇ ಆರಿಸಿದ್ದೇನೆ. ಬಲಗಡೆಯ ಕುದುರೆಯಿಂದ ಅಳೆದು 48ಕ್ಕೆ ಗ, 45ಕ್ಕೆ ಮ, 40ಕ್ಕೆ ಪ, 36ಕ್ಕೆ ದ, 32ಕ್ಕೆ ನಿ, 30ಕ್ಕೆ ಮೇಲಿನ ಸ ಎಂದು ಗೆರೆ ಹಾಕಿ. ರಿ ಒಂದು ಮಾತ್ರ 53.3. ಬೆರಳಿನಿಂದ ಹಲಗೆಗೆ ಒತ್ತಿದರೆ ದಾರ ಬಿಗಿಯಾಗಿ ಸ್ವರ ತುಸು ಮೇಲೇಳುತ್ತದೆ. ಅದರ ಬದಲು ನಯವಾದ ಪುಟ್ಟ ಗಾಜಿನ ಶೀಶೆಯನ್ನು ಗೆರೆಯ ಮೇಲೆ ದಾರಕ್ಕೆ ಹಗುರವಾಗಿ ತಾಗಿಸಿ ಜಾರಿಸಿ. ವೀಣೆಗಿರುವ ಮೆಟ್ಟಿಲುಗಳಿಲ್ಲದ ಗೋಟುವಾದ್ಯದ ದಾರಿ ಇದೇ. ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಜಾರಿಸುವುದಕ್ಕೆ, ಇದಕ್ಕಿಂತ ಸುಲಭದ ಮನೆವಾದ್ಯ ನಾನು ಕಂಡಿಲ್ಲ.

ಮೀಟಿದರೆ ಸದ್ದು ತೀರ ಸಣ್ಣದು ಎನಿಸುತ್ತದೆ. ಹಲಗೆಯ ಒಂದು ತುದಿಯನ್ನು ಮರದ ಕಪಾಟಿನ ಬಾಗಿಲಿಗೆ ಒತ್ತಿಹಿಡಿದು ಮೀಟಿ. ಇಡೀ ಬಾಗಿಲೇ ನುಡಿಯುತ್ತದೆ. ತಂಬೂರಿಗೆ ಬುರುಡೆ ಯಾಕೆ ಬೇಕು ಎಂಬುದು ಆ ಕ್ಷಣದಲ್ಲಿ ಕೈಗೇ ತಿಳಿಯುತ್ತದೆ. ಆಮೇಲೆ ಹಲಗೆಯ ಅಡಿಗೆ ಖಾಲಿ ತಗಡಿನ ಡಬ್ಬಿಯನ್ನೋ ತೆಳು ಮರದ ಪೆಟ್ಟಿಗೆಯನ್ನೋ ಕೂಡಿಸಿಕೊಳ್ಳಿ.

ಏನೂ ಮಾಡಲು ಪುರಸೊತ್ತಿಲ್ಲದವರಿಗೆ ಬಾಚಣಿಗೆ ಇದೆ. ಹಲ್ಲುಗಳ ಮೇಲೆ ತೆಳು ಕಾಗದ ಮಡಿಸಿ ತುಟಿಗೆ ಹಗುರವಾಗಿ ತಾಗಿಸಿ, ಊದದೆ ಗುನುಗಿ. ಕಂಠದ ಸ್ವರಕ್ಕೆ ಕಾಗದ ಝೇಂಕಾರ ಸೇರಿಸುತ್ತದೆ. ಹಾಡಲು ನಾಚುವವರೂ ಇದನ್ನು ಹಿಡಿದರೆ ಬಿಡುವುದಿಲ್ಲ.

ಕೊಂಡ ವಾದ್ಯವಿದ್ದರೆ

ಕೀಬೋರ್ಡ್, ಉಕುಲೆಲೆ (ಪುಟ್ಟ ಗಿಟಾರಿನಂಥದು), ಕೊಳಲು, ಕಲಿಂಬಾ (ಲೋಹದ ಪಟ್ಟಿಗಳನ್ನು ಹೆಬ್ಬೆರಳಲ್ಲಿ ಮೀಟುವ ವಾದ್ಯ) ಮನೆಯಲ್ಲಿದ್ದರೆ ಒಂದೇ ಮಾತು: ಚೀಲದಿಂದ ಹೊರಗಿಡಿ. ನಡೆದಾಡುವಾಗ ಕೈಗೆ ಸಿಗುವ ವಾದ್ಯವನ್ನು ದಿನಕ್ಕೆ ಐದು ಸಲ ಮುಟ್ಟುತ್ತೇವೆ, ಕಪಾಟಿನೊಳಗಿನದನ್ನು ಹಬ್ಬಕ್ಕೊಮ್ಮೆ. ನೇರ ಬಿಸಿಲು, ಒದ್ದೆ ಗೋಡೆ ಎರಡೂ ಮರಕ್ಕೆ ಶತ್ರು. ಉಕುಲೆಲೆಯ ಹೊಸ ನೈಲಾನ್ ತಂತಿಗಳು ಕೆಲವು ದಿನ ಹಿಗ್ಗುತ್ತಲೇ ಇರುತ್ತವೆ, ಶ್ರುತಿ ಜಾರಿದರೆ ವಾದ್ಯವನ್ನು ದೂರಬೇಡಿ. ಕಲಿಂಬಾದ ಪಟ್ಟಿಯನ್ನು ಹೊರಗೆಳೆದರೆ ಸ್ವರ ಇಳಿಯುತ್ತದೆ, ಒಳದೂಡಿದರೆ ಏರುತ್ತದೆ. ಹಾಗಾಗಿ ಅದನ್ನೂ ನಿಮ್ಮ ಮನೆಯ ಸಗೆ ಹೊಂದಿಸಬಹುದು. ರಾತ್ರಿ ತಾಳದ ಅಭ್ಯಾಸಕ್ಕೆ ದಪ್ಪ ಪುಸ್ತಕದ ಮೇಲೆ ರಬ್ಬರ್ ಹಾಳೆ ಹಾಕಿಕೊಂಡರೆ ನೆರೆಯವರ ನಿದ್ದೆ ಕೆಡುವುದಿಲ್ಲ.

ಎಲ್ಲರೂ ಕೂಡಿ

ನಾಲ್ಕು ಜನ ಸಾಕು. ಬಕೆಟ್ಟಿನವರು ಎಂಟು ಎಣಿಕೆಯ ಆವರ್ತ ಹಿಡಿಯಲಿ: ಒಂದನೆಯ ಎಣಿಕೆಗೆ ತಳದ ನಡುವೆ ಗುಂ, ಐದಕ್ಕೂ ಏಳಕ್ಕೂ ಅಂಚಿನಲ್ಲಿ ಒಂದೊಂದು ಪೆಟ್ಟು. ಚಮಚದವರು ಎಣಿಕೆಗೆ ಎರಡರಂತೆ ಓಡಲಿ. ತಂತಿಯವರು ಸ ಮತ್ತು ಪ ಎರಡನ್ನೇ ಮೀಟುತ್ತಿರಲಿ. ಹಲಗೆಯವರು ಮಾತ್ರ ತಮಗೆ ತೋಚಿದ ಸ್ವರಗಳಲ್ಲಿ ತಿರುಗಾಡಲಿ. ಎರಡು ಆವರ್ತಗಳ ಬಳಿಕ ಹಲಗೆಯನ್ನು ಪಕ್ಕದವರಿಗೆ ದಾಟಿಸಿ. ಲೋಹದ ಮುಚ್ಚಳ ಬಾರಿಸುವವರು ಪುಟ್ಟ ಮಕ್ಕಳ ಕಿವಿಯಿಂದ ದೂರ ಕೂರಬೇಕು.

ನಿಲ್ಲಿಸುವುದನ್ನು ಮೊದಲೇ ಕಲಿತುಕೊಳ್ಳಿ. ಎಂಟು ಎಣಿಕೆಯಲ್ಲಿ ಎರಡೆರಡರಂತೆ ಹದಿನಾರು ಅಕ್ಷರಗಳು. ಮೊದಲ ಅಕ್ಷರ ಖಾಲಿ ಬಿಟ್ಟು, ‘ತ ದಿ ಗಿ ಣ ತೊಂ’ ಎಂಬ ಐದನ್ನು ಮೂರು ಸಲ ಎಲ್ಲರೂ ಕೂಡಿ ನುಡಿಸಿ. ಹದಿನೈದು ಮತ್ತು ಒಂದು, ಆವರ್ತ ತುಂಬಿತು. ಮುಂದಿನ ಒಂದಕ್ಕೆ ಎಲ್ಲ ವಾದ್ಯಗಳಿಂದಲೂ ಒಂದೇ ಪೆಟ್ಟು, ಸ. ಆಮೇಲೆ ಲೋಟದ ನಾದ ಪೂರ್ತಿ ಅಡಗುವವರೆಗೆ ಯಾರೂ ಕೈ ಅಲುಗಿಸಬಾರದು.